ಉಬುಂಟುವಿನಲ್ಲಿ ವೈಫೈ ಕಾಣುತ್ತಿಲ್ಲವೇ? ನೀಲಿ ಪರದೆಯಲ್ಲಿ ಅವಸರ ಬೇಡ

ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಉಬುಂಟು (ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿ, ವೈಫೈ ಪಟ್ಟಿ ಖಾಲಿ ಬಂದ ಕೂಡಲೇ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲು ಕೂರುತ್ತಾರೆ. ವೈಫೈ ಕಾರ್ಡಿಗೆ ಬೇಕಾದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇಲ್ಲದಿರುವುದೇ ಕಾರಣವಾದರೆ, ಎಷ್ಟು ಸಲ ಹಾಕಿದರೂ ಫಲ ಒಂದೇ.

ಮೊದಲು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಡಿ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಎಂದಿದ್ದರೆ ಲ್ಯಾಪ್‌ಟಾಪ್‌ನ ವೈಫೈ ಸ್ವಿಚ್ ಅಥವಾ ಕೀ ಒತ್ತಿದರೆ ಸಾಕು.

ಅನಂತರ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂಬ ಆದೇಶದಿಂದ ಕಾರ್ಡನ್ನು ಗುರುತಿಸಿ. ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಚೌಕ ಆವರಣದಲ್ಲಿ 8086 ಎಂದು ಆರಂಭವಾದರೆ ಇಂಟೆಲ್, 10ಇಸಿ ಆದರೆ ರಿಯಲ್‌ಟೆಕ್, 14ಇ4 ಆದರೆ ಬ್ರಾಡ್‌ಕಾಮ್. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಡ್ರೈವರ್ ಕಾರ್ಡಿಗೆ ಹೊಂದಿಕೊಂಡಿಲ್ಲ ಎಂದರ್ಥ. ಇಂಟೆಲ್ ಕಾರ್ಡಿನ ಡ್ರೈವರ್ ಉಬುಂಟುವಿನ ತಿರುಳಾದ ಕರ್ನಲ್‌ನಲ್ಲೇ ಇರುವುದರಿಂದ ಸಾಮಾನ್ಯವಾಗಿ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದರೆ ಕೆಲಸ ಮುಗಿಯುತ್ತದೆ. ಕೊಳ್ಳುವ ಮುನ್ನವೇ ಆಯ್ಕೆ ಇದ್ದರೆ ಇಂಟೆಲ್ ಕಾರ್ಡಿನ ಯಂತ್ರವನ್ನೇ ಕೊಳ್ಳಿ.

14ಇ4:4365ರಂತಹ ಬ್ರಾಡ್‌ಕಾಮ್ ಕಾರ್ಡಾದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್‌ನೆಟ್ ಪಡೆದು, ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಿಂದ ಡ್ರೈವರ್ ಹಾಕಿಕೊಳ್ಳಿ. ಹಳೆಯ ವಿಡಿಯೊಗಳಲ್ಲಿ ತೋರಿಸುವ ಎನ್‌ಡಿಐಎಸ್‌ವ್ರ್ಯಾಪರ್‌ನ (ವಿಂಡೋಸ್ ಡ್ರೈವರನ್ನು ಲಿನಕ್ಸ್‌ನಲ್ಲಿ ಓಡಿಸುವ ಹಳೆಯ ಸಾಧನ) ಗೊಡವೆ ಬೇಡ.

ಹೆಚ್ಚಿನವರು ಎಡವುವುದು ಇಲ್ಲಿ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ರಕ್ಷಣೆ) ಚಾಲೂ ಇದ್ದರೆ, ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲ ಬೇಕಾಗುವಂಥದ್ದು. ಆದ್ದರಿಂದ ಬರಿ ಅಂಕಿಗಳನ್ನೇ ಕೊಟ್ಟು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಯಾವುದಾದರೂ ಕೀ ಒತ್ತುವಂತೆ ಹೇಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಒತ್ತದಿದ್ದರೆ ಯಂತ್ರ ಎಂದಿನಂತೆ ತೆರೆದುಕೊಂಡು ನಿಮ್ಮ ಕೋರಿಕೆ ರದ್ದಾಗುತ್ತದೆ. ಕೀ ಒತ್ತಿದ ಮೇಲೂ ಮೇಲಿರುವ ‘ಕಂಟಿನ್ಯೂ ಬೂಟ್’ ಮೇಲೆ ಎಂಟರ್ ಹೊಡೆಯದೆ, ಅದರ ಕೆಳಗಿನ ‘ಎನ್‌ರೋಲ್ ಎಂಒಕೆ’ಯನ್ನು (ಡ್ರೈವರಿಗೆ ಸಹಿ ಹಾಕಿದ ಡಿಜಿಟಲ್ ಕೀಯನ್ನು ನೋಂದಾಯಿಸುವ ಆಯ್ಕೆ) ಆರಿಸಿ, ‘ಕಂಟಿನ್ಯೂ’, ಆಮೇಲೆ ‘ಯೆಸ್’ ಎಂದು ಒಪ್ಪಿ, ಬರೆದಿಟ್ಟ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ಟೈಪ್ ಮಾಡುವಾಗ ಅಕ್ಷರ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ.

ಈ ಪರದೆಯನ್ನು ತಪ್ಪಿಸಿಕೊಂಡಿದ್ದರೆ ‘ಸುಡೊ ಮೋಡ್‌ಪ್ರೋಬ್ ಡಬ್ಲ್ಯುಎಲ್’ ಎಂದು ಬ್ರಾಡ್‌ಕಾಮ್ ಡ್ರೈವರನ್ನು ಚಾಲೂ ಮಾಡಹೊರಟಾಗ ಅದರ ಡಿಜಿಟಲ್ ಕೀ ತಿರಸ್ಕೃತವಾಯಿತೆಂಬ ಸಂದೇಶ ಬರುತ್ತದೆ. ಆಗ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಆದೇಶ ಕೊಟ್ಟು ನೀಲಿ ಪರದೆಯನ್ನು ಮತ್ತೆ ಕರೆಸಿಕೊಳ್ಳಬಹುದು. ಸೆಕ್ಯೂರ್ ಬೂಟನ್ನೇ ಬಂದ್ ಮಾಡುವುದು ಸುಲಭದ ದಾರಿಯಾದರೂ ನಾನು ಒಪ್ಪುವುದಿಲ್ಲ.

ಇಷ್ಟಕ್ಕೆ ಬೇಸತ್ತು ಅಗ್ಗದ ಯುಎಸ್‌ಬಿ ಡಾಂಗಲ್ ಕೊಳ್ಳುವವರು ಗಮನಿಸಬೇಕು: ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ತೋರುತ್ತವೆ, ಮೋಡ್ ಬದಲಿಸುವವರೆಗೂ ವೈಫೈ ಆಗುವುದಿಲ್ಲ.

ಮುಂದೊಂದು ದಿನ ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಮಾಯವಾದರೆ ‘ಡಿಕೆಎಂಎಸ್ ಸ್ಟೇಟಸ್’ ನೋಡಿ; ಹೊಸ ಕರ್ನಲ್‌ಗೆ ತಕ್ಕಂತೆ ಡ್ರೈವರನ್ನು ಮತ್ತೆ ಕಟ್ಟುವ ಸಾಧನವೇ ಡಿಕೆಎಂಎಸ್. ಹೊಸ ಕರ್ನಲ್‌ನ ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಕಡತಗಳು) ಇಲ್ಲದಿದ್ದರೆ ಡ್ರೈವರ್ ಕಟ್ಟಿಕೊಂಡಿರುವುದಿಲ್ಲ, ಹೆಡರ್ಸ್ ಹಾಕಿ ‘ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್’ ಕೊಡಿ.