ಪೋಡಿನಲ್ಲೇ ಸಿಕಲ್ ಸೆಲ್ ತಪಾಸಣೆ: ನಮ್ಮ ಕೈಗೆ ಹತ್ತಿದ ದಾರಿ

"ಪೋಡಿನವರು ರಕ್ತ ಕೊಡುವುದಿಲ್ಲ" ಎಂದವರೇ ಈಗ ನಮ್ಮ ತಪಾಸಣೆಯ ಪಟ್ಟಿ ಕೇಳುತ್ತಿದ್ದಾರೆ. ಪೋಡು ಎಂದರೆ ಸೋಲಿಗ ಬುಡಕಟ್ಟಿನವರ ಹಾಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಸಿಕಲ್ ಸೆಲ್‌ಗೆ ನಾವು ನಡೆಸಿದ ತಪಾಸಣೆ ಮೊದಲ ವರ್ಷ ನೆಲಕಚ್ಚಿದ್ದು ನಿಜ. ತಪ್ಪಿದ್ದು ನಾವು ಇಟ್ಟ ಹೊತ್ತು. ಹತ್ತಕ್ಕೆ ಜೀಪು ತಲುಪುವಷ್ಟರಲ್ಲಿ ಅರ್ಧ ಪೋಡು ಕಾಫಿ ತೋಟ ಸೇರಿರುತ್ತಿತ್ತು; ಜೇನಿನ ಕಾಲದಲ್ಲಿ ಗಂಡಸರು ಸಿಗುತ್ತಲೇ ಇರಲಿಲ್ಲ. ಬಾಡಿಗೆ 3,500 ರೂಪಾಯಿ, ಸಿಕ್ಕವರು ಮೂವತ್ತು ಚಿಲ್ಲರೆ.

ಈಗ ಹಿಂದಿನ ಸಂಜೆಯೇ, ಅರಣ್ಯದ ಗೇಟು ಮುಚ್ಚುವ ಮೊದಲು ಹೋಗಿ ಅಂಗನವಾಡಿಯಲ್ಲಿ ಉಳಿಯುತ್ತೇವೆ. ಬೆಳಗ್ಗೆ ಆರರಿಂದ ಎಂಟೂವರೆ, ಎರಡು ಮೇಜು, ಹತ್ತಿರ ಹತ್ತಿರ ತೊಂಬತ್ತು ಜನ. ಜೀಪಿನ ಖರ್ಚು ತಲೆಗೆ ನೂರು ದಾಟುತ್ತಿದ್ದದ್ದು ಐವತ್ತರ ಒಳಗೆ ಬಂತು.  

ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆ ಈ ಕೆಲಸದವರಿಗೆಲ್ಲ ಗೊತ್ತು: 2 ಮಿ.ಲೀ. ದ್ರಾವಣ, 20 ಮೈಕ್ರೋಲೀಟರ್ ರಕ್ತ, ಐದು ನಿಮಿಷ; ದ್ರಾವಣ ಕದಡಿ ಹಿಂದಿನ ಕಪ್ಪು ಗೆರೆ ಮರೆಯಾದರೆ ಪಾಸಿಟಿವ್. ಕೈಕೊಡುವುದು ಬೇರೆ ಕಡೆ. ಐಸ್ ಪೆಟ್ಟಿಗೆಯಿಂದ ತೆಗೆದ ತಣ್ಣನೆಯ ದ್ರಾವಣದಲ್ಲೇ ನೋಡಿದರೆ ಫಲಿತಾಂಶ ತಪ್ಪುತ್ತದೆ; ಬೆಟ್ಟದ ಚಳಿಯಲ್ಲಿ ಅರ್ಧ ಗಂಟೆಯಾದರೂ ಹೊರಗಿಡಬೇಕು. ದ್ರಾವಣದಲ್ಲಿರುವ ಡೈಥಯೋನೈಟ್ ಎಂಬ ರಾಸಾಯನಿಕಕ್ಕೆ ಗಾಳಿ ತಾಗಿದರೆ ಸತ್ತಂತೆ. ಹಾಗಾಗಿ ಪ್ರತಿ ಬೆಳಗ್ಗೆ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ರಕ್ತ ಹಾಕಿ ನೋಡದೆ ಶುರು ಮಾಡುವುದಿಲ್ಲ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದರೆ ರಕ್ತ ಎರಡು ಪಾಲು. ಆರು ತಿಂಗಳೊಳಗಿನ ಕೂಸಿಗೆ ಈ ಪರೀಕ್ಷೆಯೇ ಬೇಡ.

ಪಾಸಿಟಿವ್ ಬಂದವರಲ್ಲಿ ವಾಹಕರು (ಕಾಯಿಲೆ ಇಲ್ಲದೆ ಅದರ ಗುಣವನ್ನಷ್ಟೇ ಹೊತ್ತವರು) ಯಾರು, ರೋಗಿ ಯಾರು ಎಂದು ಈ ಪರೀಕ್ಷೆ ಹೇಳುವುದಿಲ್ಲ; ಎಚ್‌ಪಿಎಲ್‌ಸಿಯಂಥ ಪ್ರಯೋಗಾಲಯದ ಪರೀಕ್ಷೆ ಬೇಕು. ಅಲ್ಲಿಗೆ ರಕ್ತ ಕಳಿಸುವಾಗಲೇ ನಮಗೆ ದೊಡ್ಡ ನಷ್ಟ. ಗಟ್ಟಿ ಐಸ್‌ಪ್ಯಾಕಿಗೆ ಒರಗಿದ್ದ ಇಡಿಟಿಎ ಟ್ಯೂಬುಗಳಲ್ಲಿ (ರಕ್ತ ಗರಣೆಗಟ್ಟದಂತೆ ಮದ್ದು ಹಾಕಿದವು) ರಕ್ತ ಐಸಿನಂತೆ ಗಟ್ಟಿಯಾಗಿ, ಕಣ ಒಡೆದು, ಇಪ್ಪತ್ತರಷ್ಟು ಮಾದರಿ ಹಾಳಾದವು. ಈಗ ಐಸ್‌ಪ್ಯಾಕ್ ಅಲುಗಿಸಿದಾಗ ಒಳಗೆ ನೀರು ಸದ್ದು ಮಾಡುವವರೆಗೆ ಕಾಯುತ್ತೇವೆ, ಟ್ಯೂಬಿಗೆ ನಾಲ್ಕು ಪದರ ಪತ್ರಿಕೆ ಸುತ್ತುತ್ತೇವೆ. ಐಸಿನ ಬದಲು ಒದ್ದೆ ಗೋಣಿ, ಮಡಕೆಯನ್ನೂ ಪ್ರಯತ್ನಿಸಿದೆವು; ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯಲಿಲ್ಲ, ಕೈಬಿಟ್ಟೆವು.

ಇನ್ನೊಂದು ಪೆಟ್ಟು ಹೆಸರಿನದು. ಒಂದೇ ಪೋಡಿನಲ್ಲಿ ನಾಲ್ಕು ಮಾದಮ್ಮ, ಮೂರು ಕೇತಮ್ಮ, ವರದಿ ಅದಲುಬದಲಾಯಿತು. ಈಗ ಟ್ಯೂಬಿನ ಮೇಲೆ ಮನೆ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು ಕಡ್ಡಾಯ.

ಮದುವೆ ಮಾತುಕತೆಗೆ ಪೆಟ್ಟು ಬೀಳುವುದರಿಂದ ಫಲಿತಾಂಶವನ್ನು ಸಭೆಯಲ್ಲಿ ಓದಬಾರದು. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್ ಸಂದೇಶವೂ ವ್ಯರ್ಥ. ಮುಚ್ಚಿದ ಲಕೋಟೆ, ಮನೆಯೊಳಗೆ, ಅವರ ಕೈಗೇ, ಅದೂ ಹದಿನೈದು ದಿನದೊಳಗೆ. ಮೂರನೇ ವಾರಕ್ಕೆ ಜಾರಿದರೆ ಆ ಲಕೋಟೆಗಳು ಮುಟ್ಟುವವರೆಗೆ ಮುಂದಿನ ಪೋಡಿಗೆ ಹೊರಡುವುದಿಲ್ಲ.