ಸೆನ್ಸರ್ ಟ್ರ್ಯಾಕಲ್ಲಿ ಬ್ರೋಕರ್ ಇಲ್ದೆ, ನಮ್ಮನೆ ಆಲ್ಟೋಲೇ ಡಿಎಲ್ ತಗೊಂಡಿದ್ದು

ಸೆನ್ಸರ್ ಟ್ರ್ಯಾಕ್ ಅಂದ್ರೆ ತಪ್ಪನ್ನ ಸೆನ್ಸರೇ ಹಿಡಿಯೋ ಆರ್‌ಟಿಓ ಡ್ರೈವಿಂಗ್ ಟೆಸ್ಟ್ ಜಾಗ. ಡೈರೆಕ್ಟಾಗಿ ಹೋದ್ರೆ ಅದ್ರಲ್ಲಿ ಪಾಸ್ ಆಗಲ್ಲ ಮೇಡಂ ಅಂತ ಬ್ರೋಕರ್ ಹೇಳಿದ್ದ, ನಮ್ಮೆಜಮಾನ್ರೂ ಅದನ್ನೇ ನಂಬಿದ್ರು, ಪಕ್ಕದ್ಮನೆ ಅಂಕಲ್ ಅಂತೂ ನಲವತ್ತು ದಾಟಿದ್ಮೇಲೆ ಕ್ಲಚ್ ಕಾಲಿಗೆ ಹತ್ತಲ್ಲಮ್ಮ, ಸುಮ್ನೆ ಆಟೋಮ್ಯಾಟಿಕ್ ತಗೊಳಿ ಅಂದ್ರು. ಈಗ ಡಿಎಲ್ ಕೈಲಿದೆ, ಅದೂ ಹಳೇ ಪೆಟ್ರೋಲ್ ಆಲ್ಟೋಲಿ, ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಓ ಟ್ರ್ಯಾಕಲ್ಲಿ.

ಎಲ್ಎಲ್ (ಕಲಿಯೋರ ಲೈಸೆನ್ಸ್) ಬಗ್ಗೆ ಹೇಳೋಕೇನೂ ಇಲ್ಲ, ಸರ್ಕಾರದ ಲೈಸೆನ್ಸ್ ಸೈಟ್ ಸಾರಥೀಲಿ ಆಧಾರ್ ಹಾಕಿ ಮನೇಲೇ ಮುಗೀತು. ನನ್ ಥರ ನಲವತ್ತು ದಾಟಿರೋರು ಡಾಕ್ಟರ್ ಹತ್ರ ಫಾರ್ಮ್ 1ಎ, ಅಂದ್ರೆ ಮೆಡಿಕಲ್ ಸರ್ಟಿಫಿಕೇಟು, ಮಾಡಿಸ್ಕೊಂಡಿರಿ ಅಷ್ಟೆ.

ದುಡ್ಡು ಹೋಗಿದ್ದು ಡ್ರೈವಿಂಗ್ ಸ್ಕೂಲಿಗೆ. ಏಳ್ ಸಾವಿರದ ಹತ್ರ ಕೊಟ್ಟೆ. ಅರ್ಧ ಗಂಟೆ ಕ್ಲಾಸು, ಅದ್ರಲ್ಲಿ ಹಿಂದಿನೋರ್ನ ಇಳ್ಸಿ ಮುಂದಿನೋರ್ನ ಹತ್ತಿಸ್ಕೊಳೋಕೇ ಹತ್ ನಿಮಿಷ. ಗಾಡಿ ಡೀಸೆಲ್, ಕ್ಲಚ್ ಹೆಂಗ್ ಬಿಟ್ರೂ ಅಷ್ಟು ಸುಲಭಕ್ಕೆ ಆಫ್ ಆಗಲ್ಲ, ಸಾಲ್ದು ಅಂತ ಮಾಸ್ಟ್ರ ಕಾಲಡಿ ಇನ್ನೊಂದು ಕ್ಲಚ್ಚು ಬ್ರೇಕು. ಒಂದಿನ ಸಿಗ್ನಲಲ್ಲಿ ನಾನು ಕಾಲು ಪೂರ್ತಿ ಎತ್ತಿದ್ರೂ ನನ್ ಕಡೆ ಪೆಡಲ್ ಕೆಳಗೇ ಇತ್ತು! ಅಷ್ಟ್ ದಿನ ಹಾಫ್ ಕ್ಲಚ್ (ಕ್ಲಚ್ ಅರ್ಧ ಬಿಟ್ಟು ನಿಲ್ಸೋದು) ಹಿಡೀತಿದ್ದಿದ್ದು ಮಾಸ್ಟ್ರು. ಟೆಸ್ಟ್ ದಿನ ಅವ್ರು ಪಕ್ಕದಲ್ಲಿ ಇರಲಿಲ್ಲ, ದಿಬ್ಬದಲ್ಲಿ ಗಾಡಿ ಹಿಂದಕ್ಕೆ ಜಾರ್ತು, ಫೇಲು. ಮತ್ತೆ ಏಳು ದಿನ ಬಿಟ್ಟು ಸ್ಲಾಟು, ಟೆಸ್ಟ್ ಫೀಸ್ 300 ಮತ್ತೆ. ಮೂರು ಸಲ ಫೇಲ್ ಆದ್ರೆ 60 ದಿನ ಕಾಯ್ಬೇಕು, ಅಷ್ಟರಲ್ಲಿ ಎಲ್ಎಲ್‌ನ ಆರು ತಿಂಗಳು ಮುಗಿದ್ರೆ ಗೋವಿಂದ, ಆ ಲೆಕ್ಕ ತಲೇಲಿಟ್ಕೊಳಿ.

ಆಮೇಲೆ ಸ್ಕೂಲ್ ಬಿಟ್ಟು ಆಲ್ಟೋಗೆ ಎಲ್ ಬೋರ್ಡ್ ಅಂಟಿಸ್ದೆ, ಲೈಸೆನ್ಸ್ ಇರೋ ತಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೆಳಗ್ಗೆ ಆರಕ್ಕೆಲ್ಲ ಕೆಂಪೇಗೌಡ ಲೇಔಟು. ಅಲ್ಲಿ ಖಾಲಿ ರಸ್ತೆಗೇನು ಬರ, ನಾಯಿ ಬಿಟ್ರೆ ಯಾರೂ ಇರಲ್ಲ. ಹಳೇ ಪೇಂಟ್ ಡಬ್ಬಕ್ಕೆ ಮರಳು ತುಂಬಿ ಪಿವಿಸಿ ಪೈಪ್ ನಿಲ್ಸಿ ಕಂಬ ಮಾಡ್ಕೊಂಡೆ, ಗೆರೆಗೆ ರಂಗೋಲಿ ಪುಡಿ. ಆಲ್ಟೋ ಅಗಲ ಹತ್ತಿರತ್ತಿರ ಐದಡಿ, ನಾನು ಮೊದ್ಲು ಎಂಟಡಿ ಬಿಟ್ಟು, ಟೆಸ್ಟಲ್ಲಿ ರಿವರ್ಸ್ ಬರ್ಬೇಕಾದ ಎಚ್ ಆಕಾರದ ದಾರಿ ಹಾಕ್ದೆ, ಕಂಬ ಬೀಳೋದು ನಿಂತ್ಮೇಲೆ ಏಳು, ಕೊನೇಗೆ ಆರೂವರೆ. ಆರೂವರೇಲಿ ರಿವರ್ಸ್ ಬಂದ್ರೆ ಟ್ರ್ಯಾಕ್ ಮೈದಾನದ ಥರ ಕಾಣತ್ತೆ. ಆಕ್ಸಿಲರೇಟರ್ ಮುಟ್ಟಂಗೇ ಇಲ್ಲ, ಬರೀ ಕ್ಲಚ್ಚಲ್ಲೇ ಗಾಡಿ ತೆವಳ್ಬೇಕು. ಕಂಬ ಕನ್ನಡಿಲಿ ಎಲ್ಲಿ ಬಂದಾಗ ಸ್ಟೇರಿಂಗ್ ಫುಲ್ ಲಾಕ್ ಮಾಡ್ತಿದ್ದೆ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನಿಮ್ಮ ಎತ್ತರ ನಿಮ್ಮ ಸೀಟಿನ ಮೇಲಿದೆ, ನೀವೇ ಹುಡುಕ್ಕೋಬೇಕು.

ದಿಬ್ಬಕ್ಕೆ ತಮ್ಮನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪು. ಹಿಂದಿನ ಟೈರಿಂದ ನಾಲ್ಕು ಬೆರಳು ಬಿಟ್ಟು ಖಾಲಿ ರಟ್ಟಿನ ಡಬ್ಬ ಇಡ್ತಿದ್ವಿ, ಚೂರು ಜಾರಿದ್ರೂ ಕರಕ್ ಅನ್ನೋದು. ಮೊದಲ ವಾರ ಡಬ್ಬಗಳ ಮಾರಣಹೋಮ. ಹ್ಯಾಂಡ್‌ಬ್ರೇಕ್ ಎಳ್ದು, ಕ್ಲಚ್ ಬಿಡ್ತಾ ಬಂದು ಎಂಜಿನ್ ಸೌಂಡ್ ದಪ್ಪ ಆಗಿ ಬಾನೆಟ್ ಚೂರು ಮೇಲೆದ್ದಾಗ ಕಾಲು ಅಲ್ಲೇ ನಿಲ್ಸಿ ಹ್ಯಾಂಡ್‌ಬ್ರೇಕ್ ಇಳ್ಸೋದು. ಹ್ಯಾಂಡ್‌ಬ್ರೇಕ್ ಹಾಕಿದ್ರೆ ಫೇಲ್ ಮಾಡ್ತಾರೆ ಅಂತ ಮಾಸ್ಟ್ರು ಹೆದರ್ಸಿದ್ರು, ಆದ್ರೆ ಕೇಂದ್ರ ಮೋಟಾರು ವಾಹನ ನಿಯಮ 15ರಲ್ಲೇ ಏರಲ್ಲಿ ಹ್ಯಾಂಡ್‌ಬ್ರೇಕ್ ಸರಿಯಾಗಿ ಬಳಸೋದು ಅಂತ ಇದೆ, ಧೈರ್ಯವಾಗಿ ಹಾಕಿ. ಎಸಿ ಮರೀದೆ ಆಫ್ ಮಾಡಿ, 800 ಸಿಸಿ ಗಾಡಿಗೆ ಅದು ದೊಡ್ಡ ವ್ಯತ್ಯಾಸ.

ಮಧ್ಯದಲ್ಲಿ ಬೇರೇನೇನೋ ಟ್ರೈ ಮಾಡ್ದೆ. ಬರಿಗಾಲು ಆಗಲಿಲ್ಲ, ಸ್ಪೋರ್ಟ್ಸ್ ಶೂಲಿ ಕ್ಲಚ್ಚೇ ಗೊತ್ತಾಗಲ್ಲ, ತೆಳ್ಳಗಿನ ಕ್ಯಾನ್ವಾಸ್ ಶೂ ಬೆಸ್ಟು. ಕನ್ನಡಿಗೆ ಅಂಟಿಸೋ ಗುಂಡು ಕನ್ನಡಿ ಇನ್ನೂರು ದಂಡ, ಅದ್ರಲ್ಲಿ ಕಂಬ ದೂರ ಇದ್ದಂಗೆ ಕಾಣತ್ತೆ. ಸ್ಟೇರಿಂಗ್ ನೆತ್ತಿಗೆ ಕೆಂಪು ಟೇಪ್ ಸುತ್ತಿದ್ದು ಮಾತ್ರ ತುಂಬಾ ಕೆಲಸಕ್ಕೆ ಬಂತು, ಚಕ್ರ ನೇರ ಇದೆಯೋ ಇಲ್ವೋ ಒಂದೇ ನೋಟಕ್ಕೆ ಗೊತ್ತಾಗತ್ತೆ.

ಪೆಟ್ರೋಲು ಎರಡೂವರೆ ಸಾವಿರ ಆಗಿರ್ಬೋದು, ಪೈಪು ಪುಡಿ ಎಲ್ಲ ಸೇರಿ ನಾನೂರು. ಬ್ರೋಕರ್ ಕೇಳಿದ್ದು ಸರ್ಕಾರಿ ಫೀಸ್ ಬಿಟ್ಟು ನಾಲ್ಕು ಸಾವಿರ. ಮುಂದಿನ ಟೆಸ್ಟಲ್ಲಿ ಎಚ್, ಎಸ್ ಆಕಾರದ ದಾರೀಲಿ ಗಾಡಿ ಎಲ್ಲೂ ನಿಲ್ಲದೆ ಬಂತು, ದಿಬ್ಬದಲ್ಲಿ ಗಾಡಿ ಒಂದಿಂಚೂ ಅಲ್ಲಾಡಲಿಲ್ಲ. ನನ್ ತಮ್ಮ ಗೇಟ್ ಹೊರಗಿಂದ ಫೋನಲ್ಲಿ ನಮ್ಮೆಜಮಾನ್ರಿಗೆ ಕಾಮೆಂಟ್ರಿ ಹೇಳ್ತಿದ್ದ. ಆಕ್ಟಿವಾ ಸ್ಕೂಟರಲ್ಲಿ ಎಂಟರ ಆಕಾರ ಹಾಕೋ ಟೆಸ್ಟೂ ಅವತ್ತೇ ಮುಗೀತು, ಕಾರ್ಡು ಪೋಸ್ಟಲ್ಲಿ ಬಂತು.