ಕೂದಲು ಉದುರುತ್ತಿದೆಯೇ? ಎಣ್ಣೆ ಕೊಳ್ಳುವ ಮುನ್ನ ಮೂರು ತಿಂಗಳು ಹಿಂದಕ್ಕೆ ಎಣಿಸಿ

ಬಚ್ಚಲಿನ ಜಾಲರಿಯಲ್ಲಿ ಕೂದಲ ಉಂಡೆ ಕಂಡ ಕೂಡಲೇ ನಮಗೆಲ್ಲ ಗಾಬರಿ. ಶ್ಯಾಂಪೂ ಬದಲಿಸುತ್ತೇವೆ, ಎಣ್ಣೆ ಬದಲಿಸುತ್ತೇವೆ, ಬೋರ್‌ವೆಲ್ ನೀರನ್ನು ಬೈಯುತ್ತೇವೆ. ದುಡ್ಡು ಖರ್ಚಾಗುತ್ತದೆ, ಕಾರಣ ಏನೆಂಬುದು ಮಾತ್ರ ಗೊತ್ತಾಗುವುದಿಲ್ಲ. ಕೂದಲು ಉದುರುವುದರಲ್ಲಿ ಹಲವು ಬಗೆ ಇದೆ. ಕೆಲವು ತಾವಾಗಿಯೇ ನಿಲ್ಲುತ್ತವೆ. ಕೆಲವಕ್ಕೆ ಔಷಧ ಬೇಕು, ಅದೂ ಬೇಗ ಬೇಕು. ನಿಮ್ಮದು ಯಾವ ಬಗೆ ಅಂತ ತಿಳಿಯುವವರೆಗೆ ಯಾವ ಬಾಟಲಿಗೂ ಕೈ ಹಾಕಬೇಡಿ. ಅದನ್ನು ತಿಳಿಯುವ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ.

ಹಂತ 1: ಉದುರಿದ ಕೂದಲನ್ನು ಕೈಗೆತ್ತಿಕೊಂಡು ನೋಡಿ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ವಾರಕ್ಕೆ ಒಂದೋ ಎರಡೋ ಸಲ ತಲೆಗೆ ನೀರು ಹಾಕಿಕೊಳ್ಳುವವರಿಗೆ ಆ ದಿನ ಒಂದು ದೊಡ್ಡ ಮುಷ್ಟಿಯಷ್ಟು ಬರಬಹುದು. ನಡುವಿನ ದಿನಗಳಲ್ಲಿ ಸಡಿಲವಾಗಿ ಜಡೆಯೊಳಗೇ ಉಳಿದಿದ್ದೆಲ್ಲ ಆವತ್ತು ಒಟ್ಟಿಗೆ ಹೊರಬರುತ್ತದೆ, ಅಷ್ಟೇ.

ಅನುಮಾನ ಇದ್ದರೆ ವೈದ್ಯರು ಮಾಡುವ ಒಂದು ಪರೀಕ್ಷೆಯನ್ನು ನೀವೂ ಮಾಡಬಹುದು. ತಲೆ ತೊಳೆದ ಮರುದಿನ, 50–60 ಕೂದಲಿನ ಒಂದು ಎಳೆಯನ್ನು ಬುಡದ ಹತ್ತಿರ ಬೆರಳಲ್ಲಿ ಹಿಡಿಯಿರಿ. ತುದಿಯವರೆಗೆ ಮೆಲ್ಲಗೆ ಜಾರಿಸುತ್ತಾ ಎಳೆಯಿರಿ. ಒಂದೆರಡು ಬಂದರೆ ಚಿಂತೆ ಬೇಡ. ತಲೆಯ ಬೇರೆ ಬೇರೆ ಕಡೆ ಎಳೆದಾಗಲೂ ಆರಕ್ಕಿಂತ ಜಾಸ್ತಿ ಬರುತ್ತಿದ್ದರೆ ಉದುರುವುದು ನಿಜಕ್ಕೂ ಹೆಚ್ಚಾಗಿದೆ ಅಂತ ಅರ್ಥ.

ಈಗ ಆ ಕೂದಲಿನ ಬುಡ ನೋಡಿ. ಅಲ್ಲಿ ಬಿಳಿಯ ಸಣ್ಣ ಗುಬುಟು ಇದೆಯೇ? ಎಷ್ಟೋ ಜನ ಇದನ್ನು ನೋಡಿ 'ಬೇರು ಸಮೇತ ಕಿತ್ತು ಬಂತು, ಇನ್ನು ಅಲ್ಲಿ ಕೂದಲು ಹುಟ್ಟಲ್ಲ' ಅಂತ ಹೆದರುತ್ತಾರೆ. ಅದು ಬೇರಲ್ಲ. ಬೆಳೆಯುವುದನ್ನು ನಿಲ್ಲಿಸಿ, ಉದುರಲು ಸಿದ್ಧವಾದ ಕೂದಲಿನ ಬುಡ ಹಾಗಿರುತ್ತದೆ. ಹೊಸ ಕೂದಲು ಹುಟ್ಟಿಸುವ ಕೋಶ ಚರ್ಮದೊಳಗೆ ಹಾಗೇ ಇದೆ. ಗುಬುಟು ಇಲ್ಲದೆ ತುಂಡು ತುಂಡಾಗಿ ಸಿಕ್ಕರೆ ಆ ಕೂದಲು ಉದುರಿದ್ದಲ್ಲ, ನಡುವೆ ಮುರಿದದ್ದು. ಮುರಿಯುವುದಕ್ಕೂ ಉದುರುವುದಕ್ಕೂ ಕಾರಣ ಬೇರೆ, ಆರೈಕೆಯೂ ಬೇರೆ.

ಹಂತ 2: ಕ್ಯಾಲೆಂಡರ್ ತೆಗೆಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಬೆಳವಣಿಗೆ ನಿಲ್ಲುತ್ತದೆ. ನಿಂತ ಕೂದಲು ತಕ್ಷಣ ಬೀಳುವುದಿಲ್ಲ. ಸುಮಾರು ಮೂರು ತಿಂಗಳು ತಲೆಯ ಮೇಲೇ ಇದ್ದು ನಂತರ ಉದುರುತ್ತದೆ. ಮಾಮೂಲಿಯಾಗಿ ಹತ್ತರಲ್ಲಿ ಒಂದು ಕೂದಲು ಈ ವಿಶ್ರಾಂತಿಯಲ್ಲಿರುತ್ತದೆ. ಆದರೆ ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ರಾಶಿಯಾಗಿ ಒಮ್ಮೆಗೇ ನಿಂತುಬಿಡುತ್ತವೆ. ಎರಡು-ಮೂರು ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತವೆ.

ಹಾಗಾಗಿ ಉದುರಲು ಶುರುವಾದ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ. ಆಗ ಡೆಂಗಿ, ಟೈಫಾಯ್ಡ್, ಚಿಕುನ್‌ಗುನ್ಯಾ, ಕೋವಿಡ್ ಬಂದಿತ್ತೇ? ಜೋರು ಜ್ವರ? ಆಪರೇಷನ್? ತೂಕ ಇಳಿಸಲು ಊಟ ಬಿಟ್ಟಿದ್ದಿರಾ? ಮನೆಯಲ್ಲಿ ಸಾವು ಆಗಿತ್ತೇ? ಮಳೆಗಾಲದಲ್ಲಿ ಡೆಂಗಿ ಬಂದು ಹೋದವರಿಗೆ ಕೂದಲು ಉದುರುವುದು ದಸರಾ, ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ಹಿಂದಿನ ವಾರ ತಂದ ಹೊಸ ಶ್ಯಾಂಪೂ ಮೇಲೆ ತಪ್ಪು ಬೀಳುತ್ತದೆ.

ಬಾಣಂತಿಯರದ್ದೂ ಇದೇ ಲೆಕ್ಕ. ಬಸುರಿಯಾಗಿದ್ದಾಗ ಈಸ್ಟ್ರೋಜನ್ ಹೆಚ್ಚಿರುವುದರಿಂದ ಕೂದಲು ಉದುರದೆ ತಲೆಯಲ್ಲೇ ಉಳಿದಿರುತ್ತದೆ. ಹೆರಿಗೆಯಾದ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಮೂರನೇ ತಿಂಗಳ ಹೊತ್ತಿಗೆ ಉಳಿದದ್ದೆಲ್ಲ ಸೇರಿ ಉದುರುತ್ತದೆ. ಹಾಲುಣಿಸುವುದರಿಂದ ಕೂದಲು ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹಾಲುಣಿಸುವುದನ್ನು ನಿಲ್ಲಿಸಲೂ ಬೇಡಿ. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರ ಕೂದಲು ಮೊದಲಿನಂತೆ ಆಗುತ್ತದೆ.

ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಇನ್ನೊಂದು ಮುಖ್ಯವಾದ ಮಾತು ಇಲ್ಲೇ ಇದೆ. ಜನ ಎರಡು ತಿಂಗಳು ಕಾದು, ಸೋತು, ಒಂದು ಎಣ್ಣೆ ಹಚ್ಚಲು ಶುರು ಮಾಡುತ್ತಾರೆ. ಇನ್ನೆರಡು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ. ಎಣ್ಣೆ ಹಚ್ಚದಿದ್ದರೂ ಅದು ನಿಲ್ಲುತ್ತಿತ್ತು. ಆದರೆ ಹೆಸರು ಆ ಎಣ್ಣೆಗೆ ಬರುತ್ತದೆ. 'ನನಗೆ ಕೆಲಸ ಮಾಡಿತು' ಅಂತ ಅವರು ಹೇಳುವುದು ಸುಳ್ಳಲ್ಲ, ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅದನ್ನು ಕೇಳಿ ಬೇರೆ ಬಗೆಯ ತೊಂದರೆ ಇರುವವರು ಅದೇ ಎಣ್ಣೆ ಹಚ್ಚುತ್ತಾ ವರ್ಷಗಟ್ಟಲೆ ಕಳೆದುಬಿಡುತ್ತಾರೆ. ಅದೇ ನಿಜವಾದ ನಷ್ಟ.

'ಬೆಂಗಳೂರಿಗೆ ಬಂದ ಮೇಲೆ ಕೂದಲು ಉದುರಲು ಶುರುವಾಯಿತು, ಇದು ನೀರಿನದೇ ಕೆಲಸ' ಎನ್ನುವ ಮಾತನ್ನೂ ಇದೇ ಕ್ಯಾಲೆಂಡರ್ ಇಟ್ಟು ನೋಡಿ. ಊರು ಬಿಟ್ಟು ಬಂದಾಗ ಬದಲಾಗುವುದು ನೀರೊಂದೇ ಅಲ್ಲ. ಪಿ.ಜಿ. ಊಟ, ನಿದ್ದೆಗೆಟ್ಟ ರಾತ್ರಿಗಳು, ಹೊಸ ಕೆಲಸದ ಒತ್ತಡ ಎಲ್ಲವೂ ಇವೆ. ಮೇಲಾಗಿ ಕೆಲಸ ಹುಡುಕಿ ಬರುವ ಇಪ್ಪತ್ತು-ಇಪ್ಪತ್ತೈದರ ವಯಸ್ಸು ಇದೆಯಲ್ಲ, ಗಂಡಸರಲ್ಲಿ ವಂಶದಿಂದ ಬರುವ ಬೋಳು ಶುರುವಾಗುವುದೂ ಎಷ್ಟೋ ಸಲ ಆಗಲೇ. ಗಡಸು ನೀರಿನ ಸುಣ್ಣದಂಶ ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡುತ್ತದೆ, ಸಿಕ್ಕು ಜಾಸ್ತಿಯಾಗಿ ಕೂದಲು ಮುರಿಯಬಹುದು. ಬೋಳು ಮಾತ್ರ ನೀರಿನಿಂದ ಬರುವುದಿಲ್ಲ.

ಹಂತ 3: ಎಲ್ಲಿ ತೆಳುವಾಗಿದೆ ಅಂತ ಗುರುತಿಸಿ

ಬಿಸಿಲಿನಲ್ಲಿ ನಿಂತು, ಯಾರಿಂದಾದರೂ ನೆತ್ತಿಯ ಫೋಟೊ ತೆಗೆಸಿಕೊಳ್ಳಿ.

ಇಡೀ ತಲೆಯಲ್ಲಿ ಸಮವಾಗಿ ತೆಳುವಾಗಿದ್ದರೆ ಹೆಚ್ಚಾಗಿ ಹಂತ 2ರಲ್ಲಿ ಹೇಳಿದ, ತಾನಾಗಿ ನಿಲ್ಲುವ ಬಗೆ. ಗಂಡಸರಲ್ಲಿ ಹಣೆಯ ಎರಡೂ ಮೂಲೆ ಹಿಂದೆ ಸರಿದಿದ್ದರೆ ಅಥವಾ ನೆತ್ತಿ ಕಾಣುತ್ತಿದ್ದರೆ ಅದು ವಂಶದ್ದು. ಹೆಂಗಸರಲ್ಲಿ ಇದೇ ತೊಂದರೆ ಬೈತಲೆ ಅಗಲವಾಗುವ ಹಾಗೆ ಕಾಣಿಸುತ್ತದೆ, ಹಣೆಯಂಚು ಸಾಮಾನ್ಯವಾಗಿ ಹಾಗೇ ಇರುತ್ತದೆ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೆಲವರ ಕೂದಲ ಕೋಶಗಳು ಸೂಕ್ಷ್ಮವಾಗಿರುತ್ತವೆ. ಹುಟ್ಟುವ ಕೂದಲು ಸಲದಿಂದ ಸಲಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಇದು ತಾಯಿಯ ತಂದೆಯಿಂದ ಮಾತ್ರ ಬರುತ್ತದೆ ಎನ್ನುವುದು ಅರ್ಧ ನಿಜ. ತಾಯಿಯ ಕಡೆಯಿಂದ ಬರುವ ಒಂದು ಮುಖ್ಯ ಜೀನ್ ಇದೆ, ಆದರೆ ತಂದೆಯ ಕಡೆಯಿಂದಲೂ ಬೇಕಾದಷ್ಟು ಬರುತ್ತವೆ.

ನಾಣ್ಯದಷ್ಟು ಗುಂಡಗೆ, ನುಣ್ಣಗೆ ಕೂದಲು ಹೋಗಿದ್ದರೆ ಹಳ್ಳಿಗಳಲ್ಲಿ 'ಹುಳ ತಿಂದಿದೆ' ಅನ್ನುತ್ತಾರೆ. ಅಲ್ಲಿ ಹುಳ ಇಲ್ಲ. ದೇಹದ ರೋಗ ನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಎಷ್ಟೋ ಸಲ ತಾನಾಗಿಯೂ ಬೆಳೆಯುತ್ತದೆ. ಆದರೆ ಮಕ್ಕಳ ತಲೆಯಲ್ಲಿ ತುರಿಕೆ, ಹೊಟ್ಟು, ಮುರಿದ ಕೂದಲು ಇರುವ ಮಚ್ಚೆ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಅದು ಬರೀ ಮುಲಾಮಿಗೆ ಹೋಗುವುದಿಲ್ಲ, ಹಲವು ವಾರ ಮಾತ್ರೆ ಬೇಕಾಗುತ್ತದೆ.

ಹಣೆಯಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಜಡೆ ಬಿಗಿಯಾಯಿತು ಅಂತ ತಿಳಿಯಿರಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ದಿನವೂ ಎಳೆದು ಎರಡು ಜಡೆ ಹಾಕುವ ಅಮ್ಮಂದಿರು ದಯವಿಟ್ಟು ಇದನ್ನು ಗಮನಿಸಿ. ಮೊಗ್ಗಿನ ಜಡೆಯ ಭಾರ ಒಂದು ದಿನದ್ದು, ತೊಂದರೆ ಇಲ್ಲ. ದಿನನಿತ್ಯದ ಎಳೆತ ವರ್ಷಗಟ್ಟಲೆ ನಡೆದರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೇ ಹೋಗಬಹುದು.

ಹಂತ 4: ರಕ್ತ ಪರೀಕ್ಷೆ, ಊಟ

ಹೆಂಗಸರಿಗೆ ಇದು ತುಂಬಾ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್ ಮೂರನ್ನು ಮೊದಲು ನೋಡಿಸಿ. ಬೇಕಿದ್ದರೆ ವೈದ್ಯರು ಬಿ12, ವಿಟಮಿನ್ ಡಿ ಸೇರಿಸುತ್ತಾರೆ. ಮುಟ್ಟು ಏರುಪೇರಾಗಿ, ಮುಖದಲ್ಲಿ ಮೊಡವೆ, ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ತೊಂದರೆ) ಪರೀಕ್ಷೆಯೂ ಆಗಲಿ.

ಹುರುಳಿ, ನುಗ್ಗೆಸೊಪ್ಪು, ಹೆಸರುಬೇಳೆ ಕೋಸಂಬರಿ, ಮೊಟ್ಟೆ, ಮೀನು ಊಟದಲ್ಲಿರಲಿ. ನಿಂಬೆರಸ ಹಿಂಡಿದರೆ ಸೊಪ್ಪು-ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಅಷ್ಟು ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಕೂದಲಿಗೆಂದು ಮಾರುವ ಬಯೋಟಿನ್ ಎಂಬ ಬಿ ವಿಟಮಿನ್‌ನ ಮಾತ್ರೆ, ಗಮ್ಮಿ ಸುಮ್ನೆ ತಿನ್ನಬೇಡಿ. ಬಯೋಟಿನ್ ಕೊರತೆ ಬಹಳ ಅಪರೂಪ. ಅಲ್ಲದೆ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೆ ಹೇಳಿ. ಕೆಲವು ಪೋಷಕಾಂಶ ಜಾಸ್ತಿಯಾದರೂ ಕೂದಲು ಹೋಗುತ್ತದೆ. 2024ರ ಕೊನೆ, 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾಯಿತು. ಮೊದಲು ಎಲ್ಲರೂ ನೀರನ್ನೇ ಅನುಮಾನಿಸಿದರು. ಆಮೇಲೆ ಮಹಾರಾಷ್ಟ್ರದ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪರೀಕ್ಷೆ ಮಾಡಿಸಿ, ಅಲ್ಲಿನವರು ತಿನ್ನುತ್ತಿದ್ದ ಗೋಧಿಯಲ್ಲೂ ಅವರ ರಕ್ತದಲ್ಲೂ ಸೆಲೆನಿಯಂ ಎಂಬ ಖನಿಜ ವಿಪರೀತ ಇದೆ ಎಂದು ತಿಳಿಸಿದರು. ಇದೇ ಸೆಲೆನಿಯಂ ಅನೇಕ 'ಕೂದಲು ಬೆಳೆಸುವ' ಮಾತ್ರೆಗಳಲ್ಲೂ ಇರುತ್ತದೆ.

ಹಂತ 5: ಎಣ್ಣೆ, ಸೀಗೆ, ಶ್ಯಾಂಪೂ

ಕೊಬ್ಬರಿ ಎಣ್ಣೆ ಒಳ್ಳೆಯದೇ. 2003ರಲ್ಲಿ ಪ್ರಕಟವಾದ ಮುಂಬೈನ ರೇಲೆ ಮತ್ತು ಮೊಹಿಲೆ ಅವರ ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗಿಂತ ಕೊಬ್ಬರಿ ಎಣ್ಣೆಯೇ ಕೂದಲಿನ ಪ್ರೋಟೀನ್ ನಷ್ಟವನ್ನು ತಡೆಯಿತು. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ. ಸ್ನಾನಕ್ಕೆ ಮೊದಲು ಹಚ್ಚಿದರೆ ಕೂದಲು ಮುರಿಯುವುದು ಕಡಿಮೆಯಾಗುತ್ತದೆ. ಬುಡದಿಂದ ಉದುರುವುದನ್ನು ಅದು ನಿಲ್ಲಿಸುವುದಿಲ್ಲ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಈಗ ದೇಶದಾದ್ಯಂತ ಹೆಸರಾಗಿದೆ, ಅದರ ಬಗ್ಗೆಯೂ ಜನ ಕೇಳುತ್ತಾರೆ. ಹೊಳಪಿಗೆ, ಮೃದುತ್ವಕ್ಕೆ ಎಣ್ಣೆ ಹಚ್ಚಿಕೊಳ್ಳಬಹುದು. ವಂಶದ ಬೋಳಿನಲ್ಲಿ ಕೂದಲು ಮತ್ತೆ ಬೆಳೆಯುತ್ತದೆ ಎಂದು ಯಾವ ಎಣ್ಣೆಯನ್ನೂ ನಂಬಿ ಕೂರಬೇಡಿ.

ತಲೆಹೊಟ್ಟು ಇರುವವರು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬಾರದು. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಆ ಶಿಲೀಂಧ್ರವನ್ನು ತಡೆಯುವ ಕೀಟೋಕೊನಜೋಲ್ ಶ್ಯಾಂಪೂವನ್ನು ವಾರಕ್ಕೆ ಎರಡು ಸಲ, ಬುಡಕ್ಕೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದ ಕೂಡಲೇ ತೊಳೆದರೆ ಪ್ರಯೋಜನವಿಲ್ಲ.

ಸೀಗೆಪುಡಿ, ಅಂಟುವಾಳ, ದಾಸವಾಳ ಸೊಪ್ಪಿನ ಲೋಳೆ ಎಲ್ಲವೂ ಕೊಳೆ ತೆಗೆಯುತ್ತವೆ. ಹಿಡಿಸುವವರು ಬಳಸಲಿ, ಕಣ್ಣು ಜೋಪಾನ. ಒದ್ದೆ ಕೂದಲನ್ನು ಬಾಚಬೇಡಿ, ಟವೆಲ್‌ನಿಂದ ಬಡಿದು ಒಣಗಿಸಬೇಡಿ. ಒದ್ದೆಯಿದ್ದಾಗಲೇ ಅದು ಸುಲಭವಾಗಿ ಮುರಿಯುವುದು.

ಈರುಳ್ಳಿ ರಸ? ಇರಾಕಿನ ವೈದ್ಯರು 2002ರಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿದ್ದರು, ಅದೂ ನಾಣ್ಯದಂಥ ಮಚ್ಚೆ ಇರುವವರಲ್ಲಿ. ಮಾಮೂಲಿ ಬೋಳಿಗೆ ಅದು ಅನ್ವಯಿಸುವುದಿಲ್ಲ. ಮುಡಿ ಕೊಟ್ಟರೆ, ಮಗುವಿಗೆ ಜವಳ ತೆಗೆಸಿದರೆ ಕೂದಲು ದಟ್ಟವಾಗುತ್ತದೆಯೇ? ಇಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಕಾಣುತ್ತದೆ ಅಷ್ಟೇ. ಹರಕೆ ತೀರಿಸಲು ಖಂಡಿತ ಕೊಡಿ. ಹೆಲ್ಮೆಟ್‌ನಿಂದಲೂ ಬೋಳಾಗುವುದಿಲ್ಲ, ಒಳಗಿನ ಬಟ್ಟೆ ಒಗೆದು ಹಾಕಿಕೊಳ್ಳಿ.

ಹಂತ 6: ವಂಶದ್ದೇ ಆದರೆ ತಡ ಮಾಡಬೇಡಿ

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತಿಂದವರಿಗೆ ಮೈಮೇಲೆಲ್ಲ ಕೂದಲು ಬೆಳೆದಾಗ ವೈದ್ಯರು ಅದನ್ನು ತಲೆಗೆ ಹಚ್ಚುವ ಔಷಧವಾಗಿಸಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಒಣಗಿದ ತಲೆಯ ಚರ್ಮಕ್ಕೆ ಹಚ್ಚಬೇಕು, ಕೂದಲಿಗಲ್ಲ. ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೆಚ್ಚಿನವರು ಹೆದರಿ ಬಿಡುವುದು ಇಲ್ಲೇ. ಹಳೆಯ ಕೂದಲನ್ನು ತಳ್ಳಿ ಹೊಸದು ಬರುತ್ತಿರುತ್ತದೆ, ಬಿಡಬೇಡಿ. ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದು ಹೋಗುತ್ತದೆ ಅನ್ನುವುದನ್ನೂ ತಿಳಿದೇ ಶುರು ಮಾಡಿ. ಬಸುರಿಯರು, ಹಾಲುಣಿಸುವವರು ಬಳಸಬಾರದು. ಮನೆಯಲ್ಲಿ ಬೆಕ್ಕು ಇದ್ದರೆ ಬಹಳ ಎಚ್ಚರ, ನೆಕ್ಕಿದರೆ ಅದರ ಜೀವಕ್ಕೇ ಅಪಾಯ.

ಡಿಎಚ್‌ಟಿ ಹಾರ್ಮೋನನ್ನು ತಗ್ಗಿಸುವ ಫಿನಾಸ್ಟೆರೈಡ್ ಮಾತ್ರೆ ಗಂಡಸರಿಗೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಮಂಕಾಗಬಹುದು. ಹಾಗಾಗಿ ವೈದ್ಯರ ಜೊತೆ ಮಾತಾಡದೆ ಅಂಗಡಿಯಿಂದ ತರಬೇಡಿ. ಒಡೆದ ಮಾತ್ರೆಯನ್ನು ಬಸುರಿಯರು ಮುಟ್ಟಲೂಬಾರದು.

ಕೂದಲು ಕಸಿ ಮಾಡಿಸಿಕೊಳ್ಳುವುದಾದರೆ, ಸೂಜಿ ಹಿಡಿಯುವವರು ಯಾರು ಅಂತ ಮೊದಲು ಕೇಳಿ. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ತಜ್ಞರೇ ಇರಬೇಕು. ಕಸಿ ಮಾಡಿದ ಕೂದಲು ಉಳಿದರೂ ಸುತ್ತಲಿನ ಹಳೆಯದು ಉದುರುತ್ತಲೇ ಇರುತ್ತದೆ, ಔಷಧ ತಪ್ಪುವುದಿಲ್ಲ.

ಯಾವಾಗ ತಕ್ಷಣ ಹೋಗಬೇಕು

ತಲೆಯ ಚರ್ಮ ಕೆಂಪಾಗಿ ಉರಿಯುತ್ತಿದ್ದರೆ, ಕೀವು ಇದ್ದರೆ, ಕೂದಲು ಹೋದ ಜಾಗ ಕಲೆಯಂತೆ ಹೊಳೆಯುತ್ತಿದ್ದರೆ, ಹುಬ್ಬೂ ಉದುರುತ್ತಿದ್ದರೆ, ಮಗುವಿನ ತಲೆಯಲ್ಲಿ ಮಚ್ಚೆ ಕಂಡರೆ ಅದೇ ವಾರ ಚರ್ಮರೋಗ ವೈದ್ಯರನ್ನು ನೋಡಿ. ಕಲೆ ಬಿದ್ದ ಜಾಗದಲ್ಲಿ ಕೋಶವೇ ಸತ್ತಿರುತ್ತದೆ, ಅಲ್ಲಿ ಕೂದಲು ಮರಳಿ ಬರುವುದಿಲ್ಲ. ಆರು ತಿಂಗಳಾದರೂ ಉದುರುವುದು ನಿಲ್ಲದವರೂ ಹೋಗಬೇಕು. ದುಬಾರಿ ಕ್ಲಿನಿಕ್ ಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಅಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ತಲೆಗೆ ಎಣ್ಣೆ, ಕಪ್ಪು ಬಣ್ಣ ಹಚ್ಚಿಕೊಂಡು ಹೋಗಬೇಡಿ, ಚರ್ಮ ಕಾಣುವುದಿಲ್ಲ. ತಿನ್ನುತ್ತಿರುವ ಮಾತ್ರೆ, ಹಚ್ಚುತ್ತಿರುವ ಎಣ್ಣೆ ಎಲ್ಲದರ ಫೋಟೊ, ಹಳೆಯ ರಕ್ತ ಪರೀಕ್ಷೆಯ ವರದಿ, ಜ್ವರವೋ ಹೆರಿಗೆಯೋ ಆದ ತಾರೀಖು ಬರೆದ ಚೀಟಿ ಜೊತೆಗಿರಲಿ.